ಕೆಟ್ಟರೆ ಯಾವ ಕಡೆ ಬೀಳುತ್ತದೆ? ವಾಹನಕ್ಕೆ ರೀಡ್, ಹಾಲ್, ಇಂಡಕ್ಟಿವ್, ಲಿಮಿಟ್ ಸ್ವಿಚ್‌ಗಳಲ್ಲಿ ಯಾವುದು ಸರಿ

ಟಿಪ್ಪರ್‌ಗಳಲ್ಲಿ ಒಂದು ಬಜರ್ ಇರುತ್ತದೆ. ಹಿಂದಿನ ಬಾಡಿ ಮೇಲೆದ್ದಿದ್ದರೆ ಅದು ಕೂಗಬೇಕು. ಕೆಲವು ವರ್ಷಗಳ ಹಿಂದೆ ಒಂದು ಟಿಪ್ಪರ್‌ಗೆ ಆ ಬಜರ್‌ನ ವೈರಿಂಗ್ ಮಾಡಿದವನು ನಾನು. ಚಾಸಿ ಮೇಲೆ ಒಂದು ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡುವ ಸ್ವಿಚ್), ಬಾಡಿಯ ತಳದಲ್ಲಿ ಒಂದು ಮ್ಯಾಗ್ನೆಟ್. ಬಾಡಿ ಕೂತಿದ್ದಾಗ ಸ್ವಿಚ್ ಕೂಡಿರುತ್ತದೆ, ರಿಲೇ (ಸಣ್ಣ ಕರೆಂಟ್‌ನಿಂದ ಕಾಯಿಲ್ ಎಳೆದು ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ಹಿಡಿದಿರುತ್ತದೆ, ಬಜರ್ ಸುಮ್ಮನಿರುತ್ತದೆ. ಬಾಡಿ ಎದ್ದರೆ ಸ್ವಿಚ್ ಬಿಡುತ್ತದೆ, ರಿಲೇ ಬಿಡುತ್ತದೆ, ಬಜರ್ ಕೂಗುತ್ತದೆ. ವೈರ್ ತುಂಡಾದರೂ ಕೂಗುತ್ತದೆ. ಯೋಚಿಸಿಯೇ ಹಾಗೆ ಜೋಡಿಸಿದ್ದೆ.

ನಾಲ್ಕು ತಿಂಗಳಾದ ಮೇಲೆ ಆ ಗಾಡಿ ಜಲ್ಲಿ ಸುರಿದು, ಬಾಡಿ ಎತ್ತಿಕೊಂಡೇ ಹೊರಟಿತು. ಎದುರಿಗೆ ಬರುತ್ತಿದ್ದ ಇನ್ನೊಬ್ಬ ಡ್ರೈವರ್ ಹಾರ್ನ್ ಹೊಡೆದು, ಕೈ ಬೀಸಿ ನಿಲ್ಲಿಸಿದರು. ಕರೆಂಟ್ ತಂತಿಗೂ ಬಾಡಿಯ ಅಂಚಿಗೂ ಒಂದು ಮಾರು ಉಳಿದಿತ್ತು, ಅಷ್ಟೆ. ರೀಡ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಹತ್ತಿರ ಮ್ಯಾಗ್ನೆಟ್ ಇಲ್ಲದಿದ್ದರೂ ಮೀಟರ್ ಬೀಪ್ ಅಂತಿತ್ತು. ಒಳಗಿನ ಎರಡು ಪಟ್ಟಿ ಅಂಟಿಕೊಂಡು ಬಿಟ್ಟಿದ್ದವು. ಡ್ರೈವರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಹದಿನೈದು ದಿನದಿಂದ ಅದು ಕೂಗ್ತಿರಲಿಲ್ಲ ಅಣ್ಣಾ. ಸರಿ ಹೋಯ್ತು ಅಂದ್ಕೊಂಡೆ."

ಕಾರಣ ಸಣ್ಣದು. ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಸಾಮಾನು) ಹಾಕಿರಲಿಲ್ಲ. ಆದರೆ ಅವತ್ತಿನಿಂದ ನಾನು ಸ್ವಿಚ್ ಆರಿಸುವ ಕ್ರಮವೇ ಬದಲಾಯಿತು. ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಮೊದಲು ಕೇಳುವುದಿಲ್ಲ. ಹೊಸದಾಗಿದ್ದಾಗ ಎಲ್ಲವೂ ಚೆನ್ನಾಗೇ ಕೆಲಸ ಮಾಡುತ್ತವೆ. ಕೆಟ್ಟರೆ ಯಾವ ಕಡೆ ಬೀಳುತ್ತದೆ, ಕೆಟ್ಟಿದೆ ಅಂತ ಯಾರಿಗೆ ಹೇಗೆ ಗೊತ್ತಾಗುತ್ತದೆ? ಇದು ಮೊದಲ ಪ್ರಶ್ನೆ. ಬೆಲೆ, ಅಳತೆ, ಕಂಪನಿ ಎಲ್ಲ ಆಮೇಲೆ.

ರೀಡ್ ಸ್ವಿಚ್: ಕರೆಂಟ್ ಕೇಳದ ಗಾಜಿನ ಕೊಳವೆ

1936ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ವಾಲ್ಟರ್ ಎಲ್‌ವುಡ್ ಇದನ್ನು ರೂಪಿಸಿದರು. ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ ಬೆಳೆದ ಸಾಮಾನು ಇದು. ಸಣ್ಣ ಗಾಜಿನ ಕೊಳವೆಯೊಳಗೆ ನಿಕಲ್ ಮತ್ತು ಕಬ್ಬಿಣ ಸೇರಿದ ಎರಡು ತೆಳು ಪಟ್ಟಿ, ತುದಿಗೆ ರೋಡಿಯಂ ಅಥವಾ ರುಥೇನಿಯಂ ಲೇಪನ, ಸುತ್ತ ನೈಟ್ರೋಜನ್. ಮ್ಯಾಗ್ನೆಟ್ ಹತ್ತಿರ ಬಂದರೆ ಪಟ್ಟಿಗಳು ಒಂದನ್ನೊಂದು ಎಳೆದುಕೊಂಡು ಕೂಡುತ್ತವೆ. ದೂರ ಹೋದರೆ ತಮ್ಮ ಬಿಗಿಯಿಂದಲೇ ಬಿಡುತ್ತವೆ.

ಇದರ ದೊಡ್ಡ ಗುಣ ಎಂದರೆ ಇದಕ್ಕೆ ಸಪ್ಲೈ ಬೇಡ. ಎರಡೇ ವೈರ್. ಗಾಡಿ ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತರೂ ಬ್ಯಾಟರಿಯಿಂದ ಒಂದು ಹನಿ ಕುಡಿಯುವುದಿಲ್ಲ. ಪ್ಲಸ್ ಮೈನಸ್ ಅದಲು ಬದಲಾದರೂ ಚಿಂತೆಯಿಲ್ಲ. ಕಾಂಟಾಕ್ಟ್ ಗಾಜಿನೊಳಗೆ ಇರುವುದರಿಂದ ಧೂಳು, ನೀರು ಅದನ್ನು ಮುಟ್ಟುವುದಿಲ್ಲ.

ಇನ್ನು ಅದರ ಮಿತಿ. ಸಾಮಾನ್ಯ ರೀಡ್ ಮೇಲೆ 10 ವ್ಯಾಟ್, ಅರ್ಧ ಆಂಪಿಯರ್, 200 ವೋಲ್ಟ್ ಅಂತ ಬರೆದಿರುತ್ತದೆ. ಈ ಮೂರೂ ಒಟ್ಟಿಗೆ ಸಿಗುವ ಲೆಕ್ಕವಲ್ಲ. ಮೂರರಲ್ಲಿ ಯಾವುದನ್ನೂ ದಾಟಬಾರದು ಅಂತ ಅರ್ಥ. 12 ವೋಲ್ಟ್‌ನ 10 ವ್ಯಾಟ್ ಬಲ್ಬು ಲೆಕ್ಕಕ್ಕೆ ಸರಿಹೋಗುವ ಹಾಗೆ ಕಾಣುತ್ತದೆ. ಆದರೆ ಅದೇ 0.8 ಆಂಪಿಯರ್ ಎಳೆಯುತ್ತದೆ. ತಣ್ಣಗಿದ್ದ ಫಿಲಮೆಂಟ್ ಹೊತ್ತಿಕೊಳ್ಳುವ ಆ ಕ್ಷಣದಲ್ಲಿ ಅದರ ಹತ್ತರಷ್ಟು ಎಳೆಯುತ್ತದೆ. ಹೀಗಾಗಿ ಬಾಗಿಲ ಲೈಟನ್ನು ನೇರವಾಗಿ ರೀಡ್ ಮೂಲಕ ಉರಿಸಿದರೆ ಪಟ್ಟಿ ಅಂಟುವುದು ಇವತ್ತೋ ನಾಳೆಯೋ ಅಷ್ಟೆ. ರಿಲೇ ಕಾಯಿಲ್ ಇನ್ನೊಂದು ಬಗೆಯ ಶತ್ರು. ಅದು ಎಳೆಯುವ ಕರೆಂಟ್ ಕಮ್ಮಿ, ಆದರೆ ಕಾಯಿಲ್ ಬಿಡುವಾಗ ನೂರಾರು ವೋಲ್ಟ್ ತಿರುಗಿ ಹೊಡೆಯುತ್ತದೆ. ಪ್ರತಿ ಸಲವೂ ಪಟ್ಟಿಗಳ ನಡುವೆ ಒಂದು ಕಿಡಿ. ಕಾಯಿಲ್‌ನ ಎರಡು ತುದಿಗೆ ಒಂದು 1ಎನ್4007 ಡಯೋಡ್, ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಕೆಲವೇ ರೂಪಾಯಿಯ ಸಾಮಾನು. ನಾನು ಬಿಟ್ಟಿದ್ದು ಇದನ್ನೇ.

ಅಂದರೆ ರೀಡ್ ಕೆಡುವುದು ಎರಡು ರೀತಿ. ಗಾಜು ಒಡೆದರೆ ತೆರೆದೇ ಉಳಿಯುತ್ತದೆ. ಹರಿಯುವ ಕರೆಂಟ್ ಅಥವಾ ಕಿಡಿ ಜಾಸ್ತಿಯಾದರೆ ಅಂಟಿಕೊಂಡು ಕೂಡಿಯೇ ಉಳಿಯುತ್ತದೆ. ಎರಡನೆಯದು ಅಪಾಯದ್ದು. ಏಕೆಂದರೆ ಹೊರಗಿನಿಂದ ನೋಡಿದರೆ ಎಲ್ಲ ಸರಿಯಿರುವ ಹಾಗೇ ಇರುತ್ತದೆ.

ಗಾಜು ಒಡೆಯುವುದು ಬಹಳ ಸಲ ರಸ್ತೆಯ ಗುಂಡಿಯಿಂದ ಅಲ್ಲ, ನಮ್ಮ ಕೈಯಿಂದ. ರೀಡ್‌ನ ತಂತಿ ಕಾಲನ್ನು ಗಾಜಿನ ಬುಡಕ್ಕೇ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಇಕ್ಕಳದಿಂದ ಬುಡ ಹಿಡಿದುಕೊಂಡು ಆಚೆಯ ಭಾಗವನ್ನು ಬಗ್ಗಿಸಬೇಕು. ಬರಿ ಗಾಜಿನ ಮೇಲೆ ಗಟ್ಟಿ ಎಪಾಕ್ಸಿ ಸುರಿದರೂ ಅಷ್ಟೆ. ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ ಅದು ಗಾಜನ್ನು ಹಿಂಡುತ್ತದೆ. ಮೊದಲು ಮೆತ್ತನೆಯ ಸಿಲಿಕಾನ್ ಸ್ಲೀವ್, ಅದರ ಮೇಲೆ ಎಪಾಕ್ಸಿ. ವಾಹನದ ಕೆಲಸಕ್ಕೆ ಬರಿ ಗಾಜಿನ ರೀಡ್ ತರುವುದಕ್ಕಿಂತ ಪ್ಲಾಸ್ಟಿಕ್ ಅಥವಾ ಸ್ಟೀಲ್ ಕವಚದಲ್ಲಿ ಕೂರಿಸಿ ಬಂದದ್ದನ್ನು ತರುವುದೇ ಮೇಲು.

ಹಾಲ್ ಸೆನ್ಸರ್: ಸವೆಯುವ ಕಾಂಟಾಕ್ಟ್ ಇಲ್ಲ, ಆದರೆ ಅನ್ನ ಬೇಕು

1879ರಲ್ಲಿ ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ ತೆಳು ಚಿನ್ನದ ಹಾಳೆಯಲ್ಲಿ ಕರೆಂಟ್ ಹರಿಸಿ, ಅದಕ್ಕೆ ಮ್ಯಾಗ್ನೆಟ್ ಒಡ್ಡಿದರು. ಹಾಳೆಯ ಎರಡು ಬದಿಯ ನಡುವೆ ಸಣ್ಣ ವೋಲ್ಟೇಜ್ ಹುಟ್ಟಿತು. ಇವತ್ತಿನ ಹಾಲ್ ಸೆನ್ಸರ್‌ನಲ್ಲಿ ಅದೇ ಕೆಲಸ ಸಿಲಿಕಾನ್ ಚಿಪ್ಪಿನಲ್ಲಿ ಆಗುತ್ತದೆ. ಒಳಗೆ ಅಲುಗಾಡುವ ಭಾಗವೇ ಇಲ್ಲ. ಕೋಟಿಗಟ್ಟಲೆ ಸಲ ಆನ್ ಆಫ್ ಆದರೂ ಸವೆಯುವುದಕ್ಕೆ ಏನೂ ಇಲ್ಲ. ವೇಗ ಅಳೆಯುವ ಕಡೆ, ಜಾಸ್ತಿ ಅದುರುವ ಕಡೆ ಇದಕ್ಕೆ ಸಾಟಿಯಿಲ್ಲ.

ಬದಲಿಗೆ ಇದಕ್ಕೆ ಸದಾ ಸಪ್ಲೈ ಬೇಕು. ಕೆಲವು ಮಿಲಿಆಂಪಿಯರ್ ಅಷ್ಟೆ, ಆದರೆ ಸದಾ ಬೇಕು. ಮೂರು ವೈರ್: ಪ್ಲಸ್, ಮೈನಸ್, ಸಿಗ್ನಲ್. ಔಟ್‌ಪುಟ್ ಸಾಮಾನ್ಯವಾಗಿ ಓಪನ್ ಕಲೆಕ್ಟರ್. ಮ್ಯಾಗ್ನೆಟ್ ಕಂಡರೆ ಸಿಗ್ನಲ್ ವೈರನ್ನು ಅರ್ಥ್‌ಗೆ ಎಳೆಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಬಿಟ್ಟುಬಿಡುತ್ತದೆ. ಆದ್ದರಿಂದ ಪ್ಲಸ್‌ನಿಂದ ಸಿಗ್ನಲ್ ವೈರಿಗೆ ಒಂದು ಪುಲ್ ಅಪ್ ರೆಸಿಸ್ಟರ್ ಕೊಡಲೇಬೇಕು, ಬಿಟ್ಟಾಗ ಸಿಗ್ನಲನ್ನು ಮೇಲಕ್ಕೆ ಎಳೆಯುವುದು ಅದೇ.

ಅಂಗಡಿಯಲ್ಲಿ ಹಾಲ್ ಕೊಡಿ ಅಂದರೆ ಯಾವುದೋ ಒಂದನ್ನು ಕೊಡುತ್ತಾರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಯುನಿಪೋಲಾರ್ ಅನ್ನುವುದು ಮ್ಯಾಗ್ನೆಟ್‌ನ ಒಂದೇ ಮುಖಕ್ಕೆ ಓಗೊಡುತ್ತದೆ. ತಿರುವಿಟ್ಟರೆ ಸತ್ತ ಹಾಗೆ ಇರುತ್ತದೆ. ಆಮ್ನಿಪೋಲಾರ್ ಯಾವ ಮುಖಕ್ಕಾದರೂ ಓಗೊಡುತ್ತದೆ. ಲ್ಯಾಚ್ ಬೇರೆಯೇ ಜಾತಿ. ಒಂದು ಮುಖ ಕಂಡರೆ ಆನ್ ಆಗಿ ಹಾಗೇ ಕೂರುತ್ತದೆ. ಮ್ಯಾಗ್ನೆಟ್ ದೂರ ಹೋದರೂ ಬಿಡುವುದಿಲ್ಲ. ಇನ್ನೊಂದು ಮುಖ ಬಂದರಷ್ಟೇ ಆಫ್. ಎಲೆಕ್ಟ್ರಿಕ್ ಸ್ಕೂಟರ್‌ನ ಹಬ್ ಮೋಟರ್ ಒಳಗೆ ಇರುವ ಮೂರು ಹಾಲ್‌ಗಳು ಈ ಜಾತಿ. ಅಲ್ಲಿ ಎರಡೂ ಮುಖ ಸರದಿಯಲ್ಲಿ ಬರುತ್ತಲೇ ಇರುತ್ತವೆ, ಹಾಗಾಗಿ ಅದೇ ಸರಿ. ಅದನ್ನು ತಂದು ಬಾಗಿಲಿಗೆ ಹಾಕಿದರೆ ಒಂದು ಸಲ ಮುಚ್ಚಿದ ಬಾಗಿಲು ತೆರೆದ ಮೇಲೂ ಮುಚ್ಚಿದೆ ಅನ್ನುತ್ತಲೇ ಇರುತ್ತದೆ. ಬಾಗಿಲಿಗೆ, ಸ್ಟ್ಯಾಂಡ್‌ಗೆ, ಲಿವರ್‌ಗೆ ಲ್ಯಾಚ್ ಬೇಡವೇ ಬೇಡ.

ಇನ್ನೊಂದು ಎಡವಟ್ಟು ಲಾರಿಗಳದ್ದು. 24 ವೋಲ್ಟ್ ಗಾಡಿ ಅನ್ನುತ್ತೇವೆ, ಆದರೆ ಆಲ್ಟರ್ನೇಟರ್ ತಿರುಗುವಾಗ ಅಲ್ಲಿ 28 ವೋಲ್ಟ್ ಇರುತ್ತದೆ. ಎಲ್ಲ ಕಡೆ ಸಿಗುವ ಎ3144 ಹಾಲ್ ಚಿಪ್ಪು 24 ವೋಲ್ಟ್‌ವರೆಗೆ ಮಾತ್ರ ಕೆಲಸಕ್ಕೆ, 28 ಅದರ ಕಡೆಯ ಗಡಿ. ಅದರ ಮೇಲೆ ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಒಮ್ಮೆ ಕಳಚಿದರೆ ಆಲ್ಟರ್ನೇಟರ್ ದೊಡ್ಡ ಹೊಡೆತ ಕೊಡುತ್ತದೆ. ಇದಕ್ಕೆ ಲೋಡ್ ಡಂಪ್ ಅನ್ನುತ್ತಾರೆ. ತಡೆಯುವ ಸಾಮಾನು ಇಲ್ಲದ ಕಡೆ 12 ವೋಲ್ಟ್ ಗಾಡಿಯಲ್ಲೇ ಅದು 100 ವೋಲ್ಟ್ ಹತ್ತಿರ ಹೋಗಬಹುದು, 24 ವೋಲ್ಟ್ ಗಾಡಿಯಲ್ಲಿ ಅದರ ಎರಡರಷ್ಟು. ರೀಡ್‌ಗೆ ಇದರ ಲೆಕ್ಕವೇ ಇಲ್ಲ. ಬರಿ ಹಾಲ್ ಚಿಪ್ಪು ಒಂದೇ ಏಟಿಗೆ ಸಾಯುತ್ತದೆ. ಹಾಗಾಗಿ ಲಾರಿಗೆ, ಬಸ್ಸಿಗೆ, ಜೆಸಿಬಿಗೆ ಹಾಲ್ ಬೇಕಾದರೆ 32 ವೋಲ್ಟ್‌ವರೆಗೆ ಬರೆದಿರುವ, ಒಳಗೇ ರಕ್ಷಣೆ ಇರುವ, ವಾಹನಕ್ಕೆಂದೇ ಮಾಡಿದ ಸೆನ್ಸರ್ ತನ್ನಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಗ್ಗಕ್ಕೆ ಸಿಗುವ ಬರಿ ಚಿಪ್ಪು ಕಾಲೇಜು ಪ್ರಾಜೆಕ್ಟ್‌ಗೆ ಒಳ್ಳೆಯದು. ಜನ ಕೂರುವ ಗಾಡಿಗೆ ಅಲ್ಲ.

ಹಾಲ್ ಸತ್ತರೆ ಯಾವ ಕಡೆ ಬೀಳುತ್ತದೆ? ಸಪ್ಲೈ ಹೋದರೆ ಸಿಗ್ನಲ್ ವೋಲ್ಟೇಜ್ ಮೇಲೆಯೇ ಉಳಿಯುತ್ತದೆ, ಅಂದರೆ ಮ್ಯಾಗ್ನೆಟ್ ಕಾಣುತ್ತಿಲ್ಲ ಅನ್ನುವ ಸ್ಥಿತಿ. ಸಿಗ್ನಲ್ ವೈರ್ ಉಜ್ಜಿಹೋಗಿ ಗಾಡಿಯ ಲೋಹಕ್ಕೆ, ಅಂದರೆ ಅರ್ಥ್‌ಗೆ ತಾಗಿದರೆ ಮ್ಯಾಗ್ನೆಟ್ ಇದೆ ಅನ್ನುವ ಸ್ಥಿತಿ. ಇದು ಸುಳ್ಳು ಧೈರ್ಯ. ಕಾರುಗಳ ಸೀಟ್ ಬೆಲ್ಟ್ ಬಕಲ್‌ನಲ್ಲಿ ಇದಕ್ಕೊಂದು ಚಂದದ ಪರಿಹಾರ ಇದೆ. ಅಲ್ಲಿ ಬಹಳ ಕಡೆ ಎರಡು ವೈರಿನ ಹಾಲ್ ಬಳಸುತ್ತಾರೆ. ಅದು ಆನ್ ಆಫ್ ಹೇಳುವುದು ತಾನು ಎಳೆಯುವ ಕರೆಂಟ್ ಮೂಲಕ: ಒಂದು ಸ್ಥಿತಿಯಲ್ಲಿ ಸುಮಾರು 6 ಮಿಲಿಆಂಪಿಯರ್, ಇನ್ನೊಂದರಲ್ಲಿ ಸುಮಾರು 14. ಸೊನ್ನೆ ಬಂದರೆ ವೈರ್ ತುಂಡಾಗಿದೆ. ತುಂಬಾ ಜಾಸ್ತಿ ಬಂದರೆ ಶಾರ್ಟ್ ಆಗಿದೆ. ಬೆಲ್ಟ್ ಹಾಕಿದೆ, ಹಾಕಿಲ್ಲ, ವೈರ್ ಹೋಗಿದೆ, ಶಾರ್ಟ್ ಆಗಿದೆ. ನಾಲ್ಕು ಮಾತು ಎರಡೇ ವೈರಿನಲ್ಲಿ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟ್ ನೆನಪಿಸುವ ವ್ಯವಸ್ಥೆ ಕಡ್ಡಾಯ. ಹಾಗಾಗಿ ಬಕಲ್ ಬದಲಿಸುವಾಗ ಅದರ ಕಪ್ಲರ್‌ನಲ್ಲಿ (ವೈರ್ ಜೋಡಿಸುವ ಕನೆಕ್ಟರ್‌ನಲ್ಲಿ) ಎರಡೇ ವೈರ್ ಇದೆ ಅಂತ ಅದನ್ನು ಸಾದಾ ಸ್ವಿಚ್ ಅಂದುಕೊಳ್ಳಬೇಡಿ. ಮೀಟರ್ ಬೀಪ್ ಅನ್ನುತ್ತದಾ ಅಂತ ಮಾತ್ರ (ಕಂಟಿನ್ಯೂಟಿ) ನೋಡಿ ಕೆಟ್ಟಿದೆ ಅಂತ ತೀರ್ಮಾನಿಸಿ ಒಳ್ಳೆಯ ಬಕಲ್ ಎಸೆದವರನ್ನು ಕಂಡಿದ್ದೇನೆ.

ಇಂಡಕ್ಟಿವ್ ಮತ್ತು ಲಿಮಿಟ್ ಸ್ವಿಚ್

ಇಂಡಕ್ಟಿವ್ ಪ್ರಾಕ್ಸಿಮಿಟಿಗೆ ಮ್ಯಾಗ್ನೆಟ್ ಬೇಡ. ಎದುರಿಗೆ ಲೋಹ ಬಂದರೆ ಸಾಕು. ಎಂ12 (12 ಮಿ.ಮೀ. ದಪ್ಪದ) ಅಳತೆಯದು ಕಬ್ಬಿಣವನ್ನು 2ರಿಂದ 4 ಮಿ.ಮೀ., ಎಂ18 ಅಳತೆಯದು 5ರಿಂದ 8 ಮಿ.ಮೀ. ದೂರದಿಂದ ಗುರುತಿಸುತ್ತದೆ. 10ರಿಂದ 30 ವೋಲ್ಟ್ ಬರೆದಿರುವುದು ಸಾಮಾನ್ಯ, ಮೂರು ವೈರ್. ಬಿದ್ದುಹೋಗುವ ಮ್ಯಾಗ್ನೆಟ್ ಇಲ್ಲ, ಮೋಸ ಮಾಡುವ ಮ್ಯಾಗ್ನೆಟ್ ಕೂಡ ಇಲ್ಲ. ತೊಂದರೆ ಗ್ಯಾಪ್‌ನದು. ಟಿಪ್ಪರ್ ಬಾಡಿ ವರ್ಷ ಕಳೆದ ಹಾಗೆ ಪಿನ್ ಸವೆದು ಅತ್ತಿತ್ತ ಕೂರುತ್ತದೆ. 4 ಮಿ.ಮೀ. ಸೆನ್ಸರ್ ಅಲ್ಲಿ ನಿಲ್ಲುವುದಿಲ್ಲ. ಎಂ18 ಇಲ್ಲವೇ ಅದಕ್ಕಿಂತ ದೊಡ್ಡದು ಬೇಕು. ಜೊತೆಗೆ ಸೆನ್ಸರ್‌ನ ಮುಖಕ್ಕೆ ಬಾಡಿ ಕುಟ್ಟದ ಹಾಗೆ ಅಡ್ಡ ಪಟ್ಟಿಯೂ ಬೇಕು.

ಲಿಮಿಟ್ ಸ್ವಿಚ್, ಮೈಕ್ರೋ ಸ್ವಿಚ್, ಪ್ಲಂಜರ್ ಸ್ವಿಚ್ ಎಲ್ಲ ಒಂದೇ ಮನೆಯವು. ಒತ್ತಿದರೆ ಕೂಡುತ್ತದೆ, ಕೆಲವು ಒತ್ತಿದರೆ ಬಿಡುತ್ತವೆ. ಇವುಗಳ ಬಗ್ಗೆ ಹಳೆಯದು ಅಂತ ತಾತ್ಸಾರ ಬೇಡ. ಒಂದು ಪ್ಲಂಜರ್ ಹಲವು ಆಂಪಿಯರ್ ಹೊರುತ್ತದೆ. ಬಾಗಿಲ ಲೈಟ್, ಬ್ರೇಕ್ ಲೈಟ್ ನೇರವಾಗಿ ಉರಿಸಬಹುದು. ಅಂಗೈ ಅಗಲದ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಕೆಸರು, ತುಕ್ಕು, ಸ್ಪ್ರಿಂಗ್ ಇವು ಅದರ ಶತ್ರುಗಳು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಬೆಳ್ಳಿ ಕಾಂಟಾಕ್ಟ್‌ನ ಸ್ವಿಚ್‌ಗೆ ಕರೆಂಟ್ ತೀರಾ ಕಮ್ಮಿಯಾದರೂ ಕೆಡುಕು. ಸ್ವಲ್ಪ ಕರೆಂಟ್ ಹರಿದರೆ ಮೇಲೆ ಕೂತ ಕಪ್ಪು ಪದರ ಸುಟ್ಟುಹೋಗುತ್ತದೆ. ಇಸಿಯು (ಗಾಡಿಯ ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆ) ಕಳಿಸುವ ಒಂದೆರಡು ಮಿಲಿಆಂಪಿಯರ್‌ಗೆ ಅದು ಸುಡುವುದಿಲ್ಲ. ಪದರ ಬೆಳೆದು ಬೆಳೆದು ಸ್ವಿಚ್ ಒಮ್ಮೆ ಹೇಳುತ್ತದೆ, ಒಮ್ಮೆ ಹೇಳುವುದಿಲ್ಲ. ಲೈಟ್ ಉರಿಸಲು ಬೆಳ್ಳಿಯದು, ಇಸಿಯುಗೆ ಸುದ್ದಿ ಹೇಳಲು ಚಿನ್ನದ ಲೇಪನದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕೇಳಿ ತರಬೇಕು.

ಎಲ್ಲಿಗೆ ಯಾವುದು

ಟಿಪ್ಪರ್ ಬಾಡಿಯಿಂದಲೇ ಶುರು ಮಾಡುತ್ತೇನೆ. ಈಗ ನಾನು ಒಂದನ್ನೇ ನಂಬುವುದಿಲ್ಲ. ಒಂದು ಇಂಡಕ್ಟಿವ್, ಒಂದು ರೀಡ್. ಎರಡೂ ಬಾಡಿ ಕೂತಿದೆ ಅಂದರೆ ಮಾತ್ರ ಬಜರ್ ಸುಮ್ಮನಿರಬೇಕು. ಒಂದು ಹೌದು ಇನ್ನೊಂದು ಇಲ್ಲ ಅಂದರೂ ಕೂಗಬೇಕು. ಎರಡೂ ರೀಡ್ ಹಾಕಿದರೆ ಉಪಯೋಗ ಕಮ್ಮಿ, ಏಕೆಂದರೆ ಒಂದನ್ನು ಕೆಡಿಸಿದ ಕಾರಣವೇ ಇನ್ನೊಂದನ್ನೂ ಕೆಡಿಸಬಹುದು. ಬೇರೆ ಬೇರೆ ಜಾತಿಯವು ಒಂದೇ ದಿನ ಒಂದೇ ರೀತಿ ಸುಳ್ಳು ಹೇಳುವುದು ಅಪರೂಪ. ಇದಕ್ಕಿಂತ ಮುಖ್ಯವಾದದ್ದು ಡ್ರೈವರ್‌ಗೆ ಹೇಳುವ ಮಾತು: ಪ್ರತಿ ಸಲ ಲೋಡ್ ಸುರಿಯುವಾಗ ಇದು ಕೂಗಲೇಬೇಕು, ಕೂಗದಿದ್ದರೆ ಕೆಟ್ಟಿದೆ, ಗಾಡಿ ತನ್ನಿ. ದಿನಕ್ಕೆ ಹತ್ತು ಸಲ ತಾನಾಗಿ ಪರೀಕ್ಷೆ ಆಗುವ ಸ್ವಿಚ್ ಇದು. ಆ ಪರೀಕ್ಷೆಯನ್ನು ಯಾರಾದರೂ ಗಮನಿಸಬೇಕು, ಅಷ್ಟೆ. ಅವತ್ತು ನಾನು ಈ ಒಂದು ಮಾತು ಹೇಳಿದ್ದರೆ ಡಯೋಡ್ ಇಲ್ಲದಿದ್ದರೂ ಹದಿನೈದು ದಿನ ಮುಂಚೆಯೇ ಗೊತ್ತಾಗುತ್ತಿತ್ತು.

ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯುವ ಗಾಡಿಗಳವರು ಮ್ಯಾಗ್ನೆಟ್‌ಗೆ ಧೂಳು ಮೆತ್ತಿಕೊಳ್ಳುವುದಿಲ್ಲವಾ ಅಂತ ಕೇಳುತ್ತಾರೆ. ಅಲ್ಲಿಯ ಅದಿರು ಹೆಚ್ಚಾಗಿ ಹೆಮಟೈಟ್, ಮ್ಯಾಗ್ನೆಟ್‌ಗೆ ಅಷ್ಟಾಗಿ ಅಂಟುವುದಿಲ್ಲ. ಮ್ಯಾಗ್ನಟೈಟ್ ಅಂಟುತ್ತದೆ. ಆದರೆ ಕಬ್ಬಿಣ ಉಜ್ಜಿ ಬಂದ ಚೂರು, ವೆಲ್ಡಿಂಗ್ ಶೆಡ್‌ನ ಗ್ರೈಂಡಿಂಗ್ ಪುಡಿ ಎಲ್ಲ ಕಡೆಯೂ ಮೆತ್ತಿಕೊಂಡು ಮೀಸೆ ಬೆಳೆಸುತ್ತವೆ. ಸರ್ವಿಸ್‌ಗೆ ಬಂದಾಗ ಬಟ್ಟೆಯಿಂದ ಒರೆಸಿ. ಒರೆಸಲು ಕೈಗೆಟುಕದ ಜಾಗವಾದರೆ ಇಂಡಕ್ಟಿವ್ ಒಂದೇ ದಾರಿ.

ಇನ್ನು ಬೈಕ್ ಸೈಡ್ ಸ್ಟ್ಯಾಂಡ್. ಸ್ಟ್ಯಾಂಡ್ ಕೆಳಗಿದ್ದು ಗೇರ್ ಹಾಕಿದರೆ ಇಂಜಿನ್ ನಿಲ್ಲಬೇಕು. ಹಾಗಾಗಿ ಕೆಟ್ಟರೆ ಇಂಜಿನ್ ನಿಲ್ಲಲಿ, ಅದೇ ಸುರಕ್ಷಿತ ಕಡೆ ಅಂತ ಮೊದಲು ಅನ್ನಿಸುತ್ತದೆ. ಸ್ವಲ್ಪ ನಿಧಾನಿಸಿ. ಹೈವೇಯಲ್ಲಿ 80ರಲ್ಲಿ ಹೋಗುವಾಗ, ಹಿಂದೆ ಲಾರಿ ಇರುವಾಗ, ಮಳೆ ನೀರು ಹೊಕ್ಕು ಸ್ವಿಚ್ ಬಿಟ್ಟು ಇಂಜಿನ್ ಆರಿದರೆ? ಅದು ಸುರಕ್ಷಿತ ಅಲ್ಲ. ನಿಲ್ಲಿಸುವುದೇ ಎಲ್ಲ ಕಡೆ ಕ್ಷೇಮ ಅಂತ ಇಲ್ಲ. ಇಲ್ಲಿ ಸ್ವಿಚ್ ಎರಡೂ ಕಡೆ ಬೀಳಬಾರದು, ಅಂದರೆ ಕೆಡುವುದೇ ಕಮ್ಮಿ ಇರಬೇಕು. ಕೆಸರು ನೇರವಾಗಿ ರಾಚುವ ಜಾಗ ಅದು. ಪ್ಲಂಜರ್‌ಗಿಂತ ಒಳಗೆ ಮುಚ್ಚಿದ ಮ್ಯಾಗ್ನೆಟ್ ಮತ್ತು ರೀಡ್ ಅಥವಾ ಹಾಲ್ ಇರುವ, ಪಿವೋಟ್ ಮೇಲೆ ತಿರುಗುವ ಸ್ವಿಚ್ ನನ್ನ ಆಯ್ಕೆ. ಬೈಕ್ ಹೊಸದಾಗಿದ್ದಾಗ ಯಾವ ಜಾತಿ ಬಂದಿತ್ತೋ ಅದನ್ನೇ ಹಾಕಬೇಕು. ರೀಡ್ ಇದ್ದ ಕಡೆ ಹಾಲ್ ಹಾಕಿದರೆ ಇಸಿಯುಗೆ ಅರ್ಥವಾಗುವುದಿಲ್ಲ. ಸ್ವಿಚ್ ಕೆಟ್ಟಿತು ಅಂತ ಎರಡು ವೈರ್ ತಿರುಚಿ ಟೇಪ್ ಸುತ್ತಿ ಕಳಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಮಾಡಬೇಡಿ. ಸ್ಟ್ಯಾಂಡ್ ಎತ್ತದೆ ಎಡಕ್ಕೆ ತಿರುಗಿಸಿದರೆ ಏನಾಗುತ್ತದೆ ಅಂತ ಗೊತ್ತಲ್ವಾ.

ಎಲೆಕ್ಟ್ರಿಕ್ ಸ್ಕೂಟರ್‌ನ ಬ್ರೇಕ್ ಲಿವರ್ ನನಗೆ ಹೆಚ್ಚು ಚಿಂತೆಯ ಜಾಗ. ಬ್ರೇಕ್ ಹಿಡಿದರೆ ಮೋಟರ್‌ಗೆ ಕರೆಂಟ್ ನಿಲ್ಲಬೇಕು. ಕಡಿಮೆ ಬೆಲೆಯ ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ವೈರಿನ ಸ್ವಿಚ್, ಹಿಡಿದರೆ ಕೂಡುತ್ತದೆ. ವೈರ್ ತುಂಡಾಗಿದ್ದರೆ ಕಂಟ್ರೋಲರ್‌ಗೆ ಬ್ರೇಕ್ ಹಿಡಿದ ಸುದ್ದಿಯೇ ಹೋಗುವುದಿಲ್ಲ, ಅದು ಗೊತ್ತಾಗುವುದೂ ಇಲ್ಲ. ಹ್ಯಾಂಡಲ್ ತಿರುಗಿ ತಿರುಗಿ ವೈರ್ ತುಂಡಾಗುವುದು ತೀರಾ ಸಾಮಾನ್ಯ. ಇಲ್ಲಿ ರೀಡೋ ಹಾಲೋ ಅನ್ನುವುದಕ್ಕಿಂತ ಬ್ರೇಕ್ ಲೈಟನ್ನೂ ಅದೇ ಸಿಗ್ನಲ್‌ನಿಂದ, ಒಂದು ರಿಲೇ ಮೂಲಕ ಉರಿಸುವುದು ಮುಖ್ಯ. ಲೈಟ್ ಉರಿಯದಿದ್ದರೆ ಹಿಂದಿನವರಾದರೂ ಹೇಳುತ್ತಾರೆ.

ಅದೇ ಸ್ಕೂಟರ್‌ನ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಹಿಡಿಯಲ್ಲಿ) ಲೀನಿಯರ್ ಹಾಲ್ ಇದೆ, ಅಂದರೆ ಬರಿ ಆನ್ ಆಫ್ ಅಲ್ಲದೆ ಎಷ್ಟು ತಿರುಗಿದೆ ಅಂತ ಹೇಳುವ ಹಾಲ್. 5 ವೋಲ್ಟ್ ಸಪ್ಲೈ, ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದರೆ ಸುಮಾರು 4 ವೋಲ್ಟ್. ಸೊನ್ನೆಯಿಂದ 5ರವರೆಗೆ ಯಾಕಿಲ್ಲ ಅಂತ ಕೇಳಿ. ಈ ಅಂಚುಗಳನ್ನು ಬಿಟ್ಟಿರುವುದು ವೈರ್ ಹೋದಾಗ ತಿಳಿಯಲೆಂದೇ. ಸಿಗ್ನಲ್ ಅರ್ಥ್‌ಗೆ ತಾಗಿದರೆ 0, ಅರ್ಥ್ ವೈರ್ ಕಿತ್ತರೆ ಸಿಗ್ನಲ್ 5ರ ಕಡೆ ಹೋಗುತ್ತದೆ. ಎರಡೂ ಗಡಿಯಾಚೆ. ಒಳ್ಳೆಯ ಕಂಟ್ರೋಲರ್ ಅದನ್ನು ನೋಡಿ ಮೋಟರ್ ನಿಲ್ಲಿಸುತ್ತದೆ. ಕೆಟ್ಟ ಕಂಟ್ರೋಲರ್ ಅದನ್ನು ಪೂರ್ತಿ ಥ್ರಾಟಲ್ ಅಂದುಕೊಂಡು ಗಾಡಿಯನ್ನು ಚಿಮ್ಮಿಸುತ್ತದೆ. ಕಂಟ್ರೋಲರ್ ಬದಲಿಸಿದಾಗ ಹಿಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಥ್ರಾಟಲ್‌ನ ಅರ್ಥ್ ವೈರ್ ಬಿಚ್ಚಿ ನೋಡಿ. ಮೋಟರ್ ತಿರುಗಿದರೆ ಆ ಕಂಟ್ರೋಲರ್ ಬೇಡ.

ಬಸ್, ಸ್ಕೂಲ್ ವ್ಯಾನ್ ಬಾಗಿಲಿಗೆ ಕವಚ ಇರುವ ರೀಡ್ ನನ್ನ ಮೊದಲ ಆಯ್ಕೆ. ಬಾಗಿಲು ಮುಚ್ಚಿದರೆ ಕೂಡಬೇಕು, ವೈರ್ ಹೋದರೆ ಬಾಗಿಲು ತೆರೆದಿದೆ ಅನ್ನಬೇಕು. ರೀಡ್‌ಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ಕೂಡುವ ದೂರಕ್ಕಿಂತ ಬಿಡುವ ದೂರ ಸ್ವಲ್ಪ ಜಾಸ್ತಿ. ಗುಂಡಿ ರಸ್ತೆಯಲ್ಲಿ ಬಾಗಿಲು ಗಡಗಡ ಅಂದರೂ ಲೈಟ್ ಮಿಣುಗುವುದಿಲ್ಲ. ಆದರೆ ಈ ಸಿಗ್ನಲ್ ಅನ್ನು ಗಾಡಿ ಹೊರಡದಂತೆ ತಡೆಯಲು ಬಳಸಿ, ಓಡುವ ಗಾಡಿಯನ್ನು ನಿಲ್ಲಿಸಲು ಬಳಸಬೇಡಿ. ತುರ್ತಿನಲ್ಲಿ ಒಳಗಿನಿಂದ ಬಾಗಿಲು ತೆರೆಯುವುದಕ್ಕೆ ಯಾವ ಸ್ವಿಚ್ಚೂ ಅಡ್ಡ ಬರಬಾರದು. ಬಾಗಿಲ ಪಕ್ಕದಲ್ಲೇ ಸ್ಪೀಕರ್ ಬಾಕ್ಸ್ ಇದೆಯಾ ನೋಡಿ. ಸ್ಪೀಕರ್‌ನ ಮ್ಯಾಗ್ನೆಟ್ ಹತ್ತಿರ ಇದ್ದರೆ ರೀಡ್‌ಗೆ ಬಾಗಿಲು ಯಾವಾಗಲೂ ಮುಚ್ಚಿದ ಹಾಗೇ ಕಾಣುತ್ತದೆ.

ಮ್ಯಾಗ್ನೆಟ್ ಅಂಟಿಸಿ ಮೋಸ ಮಾಡುವುದೂ ಅಷ್ಟೇ ಸುಲಭ. ಬಜರ್ ಕಿರಿಕಿರಿ ಅಂತ ರೀಡ್ ಮೇಲೆ ಒಂದು ಮ್ಯಾಗ್ನೆಟ್ ಅಂಟಿಸಿಬಿಟ್ಟರೆ ಮುಗಿಯಿತು. ಯಂತ್ರಗಳ ಸುರಕ್ಷತೆಗೆ ಇರುವ ಐಎಸ್ಒ 14119 ಇದನ್ನೇ ಗಮನಿಸಿ ಕೋಡ್ ಇರುವ, ಕೋಡ್ ಇಲ್ಲದ ಸ್ವಿಚ್‌ಗಳನ್ನು ಬೇರೆ ಬೇರೆ ಮಾಡುತ್ತದೆ. ಕೋಡ್ ಇರುವುದು ತನ್ನ ಜೋಡಿಯನ್ನು ಮಾತ್ರ ಒಪ್ಪುತ್ತದೆ. ಕಸ ಒತ್ತುವ ಗಾಡಿಯಂಥ, ಕೈ ಸಿಕ್ಕಿಕೊಳ್ಳುವ ಯಂತ್ರ ಇರುವ ಕಡೆ ದುಡ್ಡು ಜಾಸ್ತಿಯಾದರೂ ಕೋಡ್ ಇರುವುದನ್ನೇ ಹಾಕಿಸಿ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಚಕ್ರದ ವೇಗ ನೋಡುವ ಸೆನ್ಸರ್‌ನಲ್ಲಿ ಆರಿಸುವುದಕ್ಕೆ ಏನೂ ಇಲ್ಲ. ಹಳೆಯದು ಕಾಯಿಲ್ ಸುತ್ತಿದ ಪ್ಯಾಸಿವ್ ಸೆನ್ಸರ್. ಗಾಡಿ ತೀರಾ ನಿಧಾನವಾದರೆ ಅದರ ಸಿಗ್ನಲ್ ಸಾಯುತ್ತದೆ. ಹೊಸದು ಸಪ್ಲೈ ಬೇಡುವ ಆಕ್ಟಿವ್ ಸೆನ್ಸರ್, ಚಕ್ರ ಹೆಚ್ಚು ಕಡಿಮೆ ನಿಲ್ಲುವವರೆಗೂ ಎಣಿಸುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಕೆಲವು ಕಾರುಗಳಲ್ಲಿ ಬೇರಿಂಗ್‌ನ ಒಂದು ಬದಿಯ ಸೀಲ್‌ನಲ್ಲೇ ಮ್ಯಾಗ್ನೆಟ್ ಉಂಗುರ ಇರುತ್ತದೆ. ಬೇರಿಂಗ್ ತಿರುಗುಮುರುಗಾಗಿ ಕೂರಿಸಿದರೆ ಎಬಿಎಸ್ ಲೈಟ್ ಆರುವುದಿಲ್ಲ. ಕೂರಿಸುವ ಮುಂಚೆ ಒಂದು ಪೇಪರ್ ಕ್ಲಿಪ್ ಹಿಡಿದು ನೋಡಿ. ಅದು ಮೆಲ್ಲಗೆ ಅಂಟುವ ಬದಿ ಸೆನ್ಸರ್ ಕಡೆಗೆ ಇರಬೇಕು. ಅಂಥ ಬೇರಿಂಗನ್ನು ಮ್ಯಾಗ್ನೆಟ್ ಇರುವ ಟ್ರೇ ಮೇಲೆ ಇಡಲೂಬೇಡಿ.

ಮ್ಯಾಗ್ನೆಟ್ ಮತ್ತು ಜೋಡಣೆ

ಎಲ್ಲರೂ ಸೆನ್ಸರ್ ಬಗ್ಗೆ ಯೋಚಿಸುತ್ತಾರೆ, ಮ್ಯಾಗ್ನೆಟ್ ಬಗ್ಗೆ ಯೋಚಿಸುವುದಿಲ್ಲ. ಹೊಳೆಯುವ ನಿಯೋಡಿಮಿಯಂ ಮ್ಯಾಗ್ನೆಟ್ ಬಲಶಾಲಿ, ಆದರೆ ಸಾಮಾನ್ಯ ಎನ್35 ಜಾತಿಗೆ 80 ಡಿಗ್ರಿ ಸೆಲ್ಸಿಯಸ್ ಗಡಿ. ಸೈಲೆನ್ಸರ್ ಪಕ್ಕ, ಇಂಜಿನ್ ಮೇಲೆ ಇಟ್ಟರೆ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ನಿಕಲ್ ಲೇಪನ ಒಂದು ಕಡೆ ಕಿತ್ತರೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಕಾರವಾರ, ಮಲ್ಪೆ ಕಡೆಯ ಉಪ್ಪು ಗಾಳಿಗೆ ಇದು ಬೇಗ ಆಗುತ್ತದೆ. ಕಪ್ಪು ಫೆರೈಟ್ ಮ್ಯಾಗ್ನೆಟ್ ದುರ್ಬಲ, ಆದರೆ ತುಕ್ಕು ಹಿಡಿಯುವುದಿಲ್ಲ, 250 ಡಿಗ್ರಿಯವರೆಗೂ ತಾಳುತ್ತದೆ, ಅಗ್ಗ. ಜಾಗ ಇದ್ದರೆ ದೊಡ್ಡ ಫೆರೈಟ್ ಹಾಕಿ. ಜಾಗ ಇಲ್ಲದೆ ಬಿಸಿಯೂ ಇದ್ದರೆ ಸಮೇರಿಯಂ ಕೋಬಾಲ್ಟ್ ಕೇಳಿ. ಬೆಲೆ ಜಾಸ್ತಿ.

ಬೆಂಚ್ ಮೇಲೆ 2 ಸೆಂ.ಮೀ.ಗೆ ಕೂಡಿದ ರೀಡ್ ಗಾಡಿಯ ಮೇಲೆ 1 ಸೆಂ.ಮೀ.ಗೂ ಕೂಡದೆ ಇರಬಹುದು. ಸುತ್ತಲಿನ ಕಬ್ಬಿಣ ಮ್ಯಾಗ್ನೆಟ್‌ನ ಬಲವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಅರ್ಧ ಇಂಚಿನ ನೈಲಾನ್ ಅಥವಾ ಅಲ್ಯೂಮಿನಿಯಂ ಪಟ್ಟಿ ಕೊಡಿ, ಹಿತ್ತಾಳೆ ಸ್ಕ್ರೂ ಬಳಸಿ. ಅಳತೆಯನ್ನು ಗಾಡಿಯ ಮೇಲೆಯೇ ತೆಗೆಯಿರಿ. ಎಷ್ಟು ದೂರಕ್ಕೆ ಕೂಡುತ್ತದೋ ಅದರ ಅರ್ಧ ದೂರಕ್ಕೆ ಕೂರಿಸಿ. ಬಾಗಿಲ ಹಿಂಜ್ ಸವೆದು ಎರಡು ಮಿ.ಮೀ. ಇಳಿದಾಗ ಆ ಉಳಿದ ಅರ್ಧ ಕಾಪಾಡುತ್ತದೆ. ಮ್ಯಾಗ್ನೆಟ್ ರೀಡ್‌ನ ಉದ್ದಕ್ಕೆ ಜಾರಿ ಹೋಗುವ ಹಾಗಿದ್ದರೆ ಒಂದೇ ಚಲನೆಗೆ ಎರಡು ಮೂರು ಸಲ ಕೂಡಿ ಬಿಡಬಹುದು. ನೇರವಾಗಿ ಎದುರಿಗೆ ಬಂದು ಹಿಂದಕ್ಕೆ ಹೋಗುವ ಜೋಡಣೆ ಮೇಲು.

ಮ್ಯಾಗ್ನೆಟ್ ಬಿದ್ದುಹೋದರೆ ಏನಾಗುತ್ತದೆ ಅಂತಲೂ ಕೇಳಿಕೊಳ್ಳಿ. ಮ್ಯಾಗ್ನೆಟ್ ಇದ್ದರೆ ಕ್ಷೇಮ ಅನ್ನುವ ಹಾಗೆ ಜೋಡಿಸಿದ್ದರೆ, ಬಿದ್ದಾಗ ಬಜರ್ ಕೂಗುತ್ತದೆ, ಗೊತ್ತಾಗುತ್ತದೆ. ಮ್ಯಾಗ್ನೆಟ್ ಬಂದರೆ ಅಪಾಯ ಅನ್ನುವ ಹಾಗೆ ಜೋಡಿಸಿದ್ದರೆ, ಬಿದ್ದ ದಿನದಿಂದ ಅದು ಮೂಕ. ಬರಿ ಅಂಟು ಸಾಲದು. ಅಂಟಿನ ಜೊತೆಗೆ ಸ್ಕ್ರೂ ಇರುವ ಕವಚವೂ ಬೇಕು.

ಸೆನ್ಸರ್ ಮೇಲೆ ಧೂಳು, ನೀರು ತಡೆಯುವ ಮಟ್ಟ ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಅಂತ ಅರ್ಥ. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ತಾಳುತ್ತದೆ ಅಂತ ಅರ್ಥ ಅಲ್ಲ. ಅದಕ್ಕೆ ಐಪಿ69ಕೆ ಬೇಕು. ಅದರ ಪರೀಕ್ಷೆ 80 ಡಿಗ್ರಿ ಬಿಸಿನೀರಿನಲ್ಲಿ, 80ರಿಂದ 100 ಬಾರ್ ಒತ್ತಡದಲ್ಲಿ ನಡೆಯುತ್ತದೆ. ಚಾಸಿ ಕೆಳಗಿನ ಸೆನ್ಸರ್‌ಗೆ ಇದನ್ನೇ ಕೇಳಿ. ನೀರು ಒಳಗೆ ಹೋಗುವುದು ಹೆಚ್ಚಾಗಿ ಸೆನ್ಸರ್‌ನಿಂದಲ್ಲ, ನಾವು ಹಾಕಿದ ಜಾಯಿಂಟ್‌ನಿಂದ. ವೈರ್ ತಿರುಚಿ ಟೇಪ್ ಸುತ್ತುವುದು ಬಿಟ್ಟು, ಸೀಲ್ ಇರುವ ಕಪ್ಲರ್ ಹಾಕಿ. ಕಪ್ಲರ್‌ಗೆ ಮುಂಚೆ ವೈರನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತಂದರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಎಲ್ಲ ಮುಗಿಸಿ ಗಾಡಿ ಕೊಡುವ ಮುಂಚೆ ನಾನು ಮಾಡುವ ಕೆಲಸ ಇದು. ಮಾಲೀಕರನ್ನೂ ಡ್ರೈವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಕಪ್ಲರ್ ಬಿಚ್ಚುತ್ತೇನೆ: ಬಜರ್ ಕೂಗಬೇಕು. ಬಾಡಿ ಎತ್ತಿ, ಒಂದು ಸೆನ್ಸರ್‌ನ ಸಿಗ್ನಲ್ ವೈರನ್ನು ಅರ್ಥ್‌ಗೆ ತಾಗಿಸುತ್ತೇನೆ: ಇನ್ನೊಂದು ಇಲ್ಲ ಅನ್ನುವುದರಿಂದ ಆಗಲೂ ಕೂಗಬೇಕು. ಬಾಡಿ ಇಳಿಸಿ ಮ್ಯಾಗ್ನೆಟ್ ತೆಗೆಯುತ್ತೇನೆ: ಕೂಗಬೇಕು. ಆಮೇಲೆ ಎಲ್ಲ ಮೊದಲಿನ ಹಾಗೆ ಜೋಡಿಸಿ ಬಾಡಿ ಎತ್ತಿ ತೋರಿಸುತ್ತೇನೆ. ಐದು ನಿಮಿಷದ ಕೆಲಸ. ಡ್ರೈವರ್ ಆ ಸದ್ದನ್ನು ನಾಲ್ಕು ಸಲ ಕೇಳಿಯೇ ಗಾಡಿ ಹತ್ತುತ್ತಾರೆ.